ಹುಳುಕಡ್ಡಿಗೆ ಇಟ್ರಾಕೊನಜೋಲ್: ಅರ್ಧಕ್ಕೆ ನಿಲ್ಲಿಸಿದರೆ ಅಪಾಯ

ಸಾಗರ: ಮಳೆಗಾಲ ಬಂತೆಂದರೆ ಲಿಂಗನಮಕ್ಕಿ ಹಿನ್ನೀರಿನ ಊರುಗಳಲ್ಲಿ ಒಗೆದ ಬಟ್ಟೆ ದಿನಗಟ್ಟಲೆ ಒಣಗುವುದಿಲ್ಲ. ಅಡಿಕೆ ತೋಟ, ಗದ್ದೆಗಳಲ್ಲಿ ಒದ್ದೆ ಉಡುಪಿನಲ್ಲೇ ದುಡಿಯುವವರ ತೊಡೆಸಂದು, ಕಂಕುಳು, ಸೊಂಟದ ಸುತ್ತ ಉಂಗುರದಂತಹ ಕೆಂಪು ಕಲೆ ಮತ್ತು ತುರಿಕೆ ಕಾಣಿಸಿಕೊಳ್ಳುವುದುಂಟು. ಇದೇ ಹುಳುಕಡ್ಡಿ. ಹೆಸರಿನಲ್ಲಿ ಹುಳುವಿದ್ದರೂ ಇದಕ್ಕೆ ಕಾರಣ ಶಿಲೀಂಧ್ರ.

ಇದರ ಚಿಕಿತ್ಸೆಯಲ್ಲಿ ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ ಔಷಧ ಇಟ್ರಾಕೊನಜೋಲ್. ಶಿಲೀಂಧ್ರದ ಕೋಶಪೊರೆಗೆ ಅಗತ್ಯವಾದ ಎರ್ಗೊಸ್ಟೆರಾಲ್ ಎಂಬ ವಸ್ತು ತಯಾರಾಗದಂತೆ ಇದು ತಡೆಯುತ್ತದೆ. ಉಗುರಿನ ಸೋಂಕು, ಬಾಯಿ ಹಾಗೂ ಅನ್ನನಾಳದ ಕ್ಯಾಂಡಿಡಾ ಸೋಂಕು, ಶ್ವಾಸಕೋಶದ ಕೆಲವು ಶಿಲೀಂಧ್ರ ರೋಗಗಳಿಗೂ ವೈದ್ಯರು ಇದನ್ನು ನೀಡುತ್ತಾರೆ. ಆದರೆ ಎಲ್ಲ ಶಿಲೀಂಧ್ರಕ್ಕೂ ಇದೇ ಮದ್ದಲ್ಲ. 2021ರಲ್ಲಿ ಕೋವಿಡ್ ರೋಗಿಗಳನ್ನು ಕಾಡಿದ ಕಪ್ಪು ಶಿಲೀಂಧ್ರಕ್ಕೆ ಆಂಫೊಟೆರಿಸಿನ್-ಬಿ ಚುಚ್ಚುಮದ್ದೇ ಮುಖ್ಯ ಆಸರೆಯಾಗಿತ್ತು.

ಸ್ಟಿರಾಯ್ಡ್ ಬೆರೆಸಿದ ಮುಲಾಮು

ತುರಿಕೆ ಬಂದೊಡನೆ ಔಷಧ ಅಂಗಡಿಯಿಂದ ಸ್ಟಿರಾಯ್ಡ್ ಬೆರೆಸಿದ ಮುಲಾಮು ತಂದು ಹಚ್ಚುವುದು ಹಲವರ ರೂಢಿ. ಎರಡೇ ದಿನಗಳಲ್ಲಿ ತುರಿಕೆ, ಕೆಂಪು ತಗ್ಗುತ್ತವೆ; ಶಿಲೀಂಧ್ರ ಮಾತ್ರ ಒಳಗೇ ಹರಡುತ್ತದೆ. ಚರ್ಮ ತೆಳುವಾಗಿ ಬರೆ ಬೀಳುತ್ತದೆ. 2018ರಲ್ಲಿ ಕೇಂದ್ರ ಸರ್ಕಾರವು ಇಂತಹ ಹಲವು ಸ್ಟಿರಾಯ್ಡ್ ಲೇಪನಗಳನ್ನು ವೈದ್ಯರ ಚೀಟಿ ಕಡ್ಡಾಯವಾದ ‘ಎಚ್’ ಪಟ್ಟಿಗೆ ಸೇರಿಸಿತು.

ಇದಕ್ಕೆ ಇನ್ನೊಂದು ಆತಂಕವೂ ಕೂಡಿಕೊಂಡಿದೆ. 2020ರಲ್ಲಿ ‘ಟ್ರೈಕೊಫೈಟಾನ್ ಇಂಡೊಟಿನಿಯೇ’ ಎಂದು ಹೆಸರಿಸಲಾದ ಶಿಲೀಂಧ್ರವು ಭಾರತದಲ್ಲಿ ವ್ಯಾಪಕವಾಗಿದ್ದು, ಅದರ ಅನೇಕ ತಳಿಗಳು ಟರ್ಬಿನಾಫಿನ್ ಎಂಬ ಹಳೆಯ ಮಾತ್ರೆಗೆ ಜಗ್ಗುತ್ತಿಲ್ಲ. ಆದ್ದರಿಂದಲೇ ಇಟ್ರಾಕೊನಜೋಲ್‌ನ ಮೇಲಿನ ಅವಲಂಬನೆ ಹೆಚ್ಚಿದೆ. ಅದನ್ನೂ ಬೇಕಾಬಿಟ್ಟಿ ನುಂಗಿದರೆ ಮುಂದೆ ಉಳಿಯುವ ದಾರಿಗಳು ಕೆಲವೇ.

ಗಮನಿಸಬೇಕಾದ ಅಂಶಗಳು

* ಕ್ಯಾಪ್ಸೂಲನ್ನು ಊಟವಾದ ಕೂಡಲೇ ಸೇವಿಸಬೇಕು. ಹೊಟ್ಟೆಯ ಆಮ್ಲ ತಗ್ಗಿಸುವ ಗ್ಯಾಸ್ಟ್ರಿಕ್ ಮಾತ್ರೆಗಳು ಅದು ರಕ್ತ ಸೇರುವುದನ್ನು ಕುಗ್ಗಿಸುತ್ತವೆ.

* ಹೃದಯ ವೈಫಲ್ಯವುಳ್ಳವರಿಗೆ ಚರ್ಮ, ಉಗುರಿನ ಸೋಂಕಿಗಾಗಿ ಇದು ಸಲ್ಲದು. ಯಕೃತ್ತಿನ ತೊಂದರೆ ಇರುವವರು, ಗರ್ಭಿಣಿಯರು ವೈದ್ಯರಿಗೆ ಮೊದಲೇ ತಿಳಿಸಬೇಕು.

* ಸಿಮ್ವಾಸ್ಟಾಟಿನ್‌ನಂತಹ ಕೊಲೆಸ್ಟರಾಲ್ ಮಾತ್ರೆಗಳೊಂದಿಗೆ ಇದನ್ನು ಸೇವಿಸಬಾರದು.

* ಕಲೆ ಮಾಸಿತೆಂದು ಮಾತ್ರೆ ನಿಲ್ಲಿಸಬಾರದು. ಚರ್ಮಕ್ಕೆ ಹಲವು ವಾರ, ಕಾಲುಗುರಿಗೆ ಸುಮಾರು 3 ತಿಂಗಳ ಚಿಕಿತ್ಸೆ ಬೇಕಾಗಬಹುದು.

* ಮನೆಯಲ್ಲಿ ಸೋಂಕು ತಗುಲಿದವರೆಲ್ಲರೂ ಒಟ್ಟಿಗೆ ಚಿಕಿತ್ಸೆ ಪಡೆಯಬೇಕು. ಟವೆಲ್, ಒಳಉಡುಪು ಹಂಚಿಕೊಳ್ಳಬಾರದು. ಒಲೆಯ ಬಿಸಿಯಲ್ಲಾದರೂ ಪೂರ್ಣ ಒಣಗಿಸಿಯೇ ತೊಡಬೇಕು.

ಹಿನ್ನೀರಿನ ಹಳ್ಳಿಗಳಿಂದ ಆಸ್ಪತ್ರೆ ದೂರವೆಂಬುದು ನಿಜ. ಆದರೆ ಆರಂಭದಲ್ಲೇ ಒಮ್ಮೆ ವೈದ್ಯರನ್ನು ಕಾಣುವುದು, ಮುಲಾಮು ಬದಲಿಸುತ್ತಾ ವರ್ಷಗಟ್ಟಲೆ ತುರಿಸಿಕೊಳ್ಳುವುದಕ್ಕಿಂತ ಖರ್ಚಿನಲ್ಲೂ ಕಡಿಮೆ, ಆರೋಗ್ಯಕ್ಕೂ ಹಿತ.