ಕಾಡಿನ ಬಾಗಿಲಲ್ಲಿ ಕತ್ತಲೆಗೂ ಜಾಗವಿರಲಿ

ಸರ್ಕಾರಿ ಸೇವೆಯಲ್ಲಿದ್ದಾಗ ಕಡತಗಳ ಮೇಲೆ ನಾನು ಬರೆದ ಸಾವಿರಾರು ಟಿಪ್ಪಣಿಗಳಲ್ಲಿ ಹೆಚ್ಚಿನವು ಈಗ ನೆನಪಿಲ್ಲ. ಒಂದು ಮಾತ್ರ ಮರೆಯದೆ ಉಳಿದಿದೆ. ಪಶ್ಚಿಮ ಘಟ್ಟದ ತಪ್ಪಲಿನ ಅಭಯಾರಣ್ಯವೊಂದರ ಅಂಚಿನಲ್ಲಿ ಪ್ರವಾಸಿಗರಿಗಾಗಿ ಮಾಹಿತಿ ಕೇಂದ್ರ ಕಟ್ಟುವ ಪ್ರಸ್ತಾವ ಅದು. ಅಂದಾಜು ಪಟ್ಟಿಯಲ್ಲಿದ್ದ ಎರಡು ಬಾಬ್ತುಗಳನ್ನು ನಾನು ಹೊಡೆದುಹಾಕಿದೆ. ಒಂದು, ಕಟ್ಟಡದ ಸುತ್ತ ನಾಲ್ಕು ಅಡಿ ಮುಂಚಾಚಿದ ಸೂರು. ಇನ್ನೊಂದು, ಹತ್ತು ವರ್ಷಗಳ ನಿರ್ವಹಣಾ ನಿಧಿ. ಮೊದಲನೆಯದು ಅನಗತ್ಯವೆಂದೂ ಎರಡನೆಯದಕ್ಕೆ ಅವಕಾಶವಿಲ್ಲವೆಂದೂ ಬರೆದೆ. ಮುಂಭಾಗದ ಗಾಜಿನ ಗೋಡೆ, ಆವರಣದ ಎತ್ತರದ ಕಂಬದ ದೀಪ, ‘ಅಲಂಕಾರಿಕ ವಿದ್ಯುದ್ದೀಪ ವ್ಯವಸ್ಥೆ’ ಇವೆಲ್ಲವೂ ಯಾವ ಪ್ರಶ್ನೆಯೂ ಇಲ್ಲದೆ ಪಾರಾದವು. ಅವಕ್ಕೆಲ್ಲ ದರಪಟ್ಟಿಯಲ್ಲಿ ದರವಿತ್ತು.

ನಿವೃತ್ತಿಯ ನಂತರ ಒಂದು ಮೇ ತಿಂಗಳ ಕೊನೆಯಲ್ಲಿ ಕುಟುಂಬದೊಡನೆ ಅಲ್ಲಿಗೆ ಹೋಗುವ ಸಂದರ್ಭ ಒದಗಿತು. ಸೂರಿಲ್ಲದ ಗೋಡೆಗಳು ಮಳೆಯ ಹೊಡೆತಕ್ಕೆ ಪಾಚಿಗಟ್ಟಿದ್ದವು. ಗಾಜಿನ ಹಿಂದಿನ ಸಭಾಂಗಣ ಮಧ್ಯಾಹ್ನ ಕುಲುಮೆಯಂತಾಗುತ್ತಿತ್ತು. ಮರುದಿನ ಬೆಳಗ್ಗೆ ಕಾವಲುಗಾರ ದೀಪದ ಕಂಬದ ಬುಡದಲ್ಲಿ ಕಸ ಗುಡಿಸುತ್ತಿದ್ದ. ಅವನ ಮೊರದ ತುಂಬ ಸತ್ತ ಪತಂಗಗಳು, ಜೀರುಂಡೆಗಳು, ರೆಕ್ಕೆಯ ಗೆದ್ದಲುಗಳು. ‘ದಿನಾ ಇಷ್ಟು ಇದ್ದೇ ಇರುತ್ತೆ ಸಾರ್’ ಎಂದ. ನನ್ನ ಸಹಿಯ ಫಲ ಆ ಮೊರದಲ್ಲಿತ್ತು.

ಅಂದು ನನ್ನನ್ನು ಕಾಡಿದ ಪ್ರಶ್ನೆ ಬಹಳ ಸರಳವಾದದ್ದು. ಸಫಾರಿ ಸೂರ್ಯಾಸ್ತದೊಂದಿಗೆ ಮುಗಿಯುತ್ತದೆ, ಮಾಹಿತಿ ಕೇಂದ್ರ ಬಾಗಿಲು ಹಾಕುತ್ತದೆ. ಹಾಗಾದರೆ ರಾತ್ರಿಯಿಡೀ ಉರಿಯುವ ಈ ದೀಪ ಯಾರಿಗಾಗಿ?

ನಗರವಾಸಿಗಳಾದ ನಮಗೆ ಬೆಳಕು ಎಂದರೆ ಒಳಿತು. ಕಾಡಿನ ಲೆಕ್ಕಾಚಾರ ಬೇರೆ. ಹುಣ್ಣಿಮೆಯ ಬೆಳದಿಂಗಳು ನೆಲದ ಮೇಲೆ ಚೆಲ್ಲುವ ಬೆಳಕು ಹೆಚ್ಚೆಂದರೆ ಒಂದು ಲಕ್ಸ್‌ನ ಮೂರನೆಯ ಒಂದು ಭಾಗದಷ್ಟು. ಸಾಧಾರಣ ಬೀದಿದೀಪದ ಅಡಿಯಲ್ಲಿ 10 ಲಕ್ಸ್ ಇರುತ್ತದೆ. ಅಂದರೆ ಮೂವತ್ತು ಹುಣ್ಣಿಮೆಗಳು ಒಮ್ಮೆಗೇ ಉದಿಸಿದಂತೆ. ದೀಪಕ್ಕೆ ಪತಂಗ ಮೋಹಗೊಂಡು ಬರುತ್ತದೆ ಎಂಬುದು ನಮ್ಮ ಕವಿಸಮಯ. ಆದರೆ ಹಾರುವ ಕೀಟಗಳು ಬೆಳಕಿನತ್ತ ಬೆನ್ನು ತಿರುಗಿಸಿ ಮೇಲು ಕೆಳಗುಗಳನ್ನು ಗುರುತಿಸಿಕೊಳ್ಳುತ್ತವೆ ಎಂದು 2024ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿದೆ. ಆಕಾಶ ಬೆಳಗಿರುವ ತನಕ ಈ ಉಪಾಯ ಫಲಿಸುತ್ತದೆ. ಪಕ್ಕದಲ್ಲೊಂದು ದೀಪವಿದ್ದರೆ ಅವು ದಿಕ್ಕು ತಪ್ಪಿ ಅದನ್ನೇ ಸುತ್ತುತ್ತ ಸಿಕ್ಕಿಬೀಳುತ್ತವೆ. ಅಲ್ಲಿರುವುದು ಮೋಹವಲ್ಲ, ದಿಗ್ಭ್ರಮೆ. ಮುಂಗಾರಿಗೆ ಮುನ್ನ ಘಟ್ಟದ ಕಾಡುಗಳಲ್ಲಿ ಮಿನುಗುವ ಮಿಂಚುಹುಳುಗಳ ಪಾಡು ಇನ್ನೂ ಕಷ್ಟ. ಗಂಡುಹುಳು ಹಾರುತ್ತ ಬೆಳಕಿನ ಸಂಕೇತ ನೀಡುತ್ತದೆ, ಹೆಣ್ಣು ಕೆಳಗಿನಿಂದ ಉತ್ತರಿಸುತ್ತದೆ. ಪ್ರಖರ ದೀಪದ ನಡುವೆ ಈ ಸಂಭಾಷಣೆ ನಡೆಯಲಾರದು, ಸಂತಾನವೂ ಮುಂದುವರಿಯಲಾರದು.

ರಾತ್ರಿಯ ಹಕ್ಕು ಕಾಡುಪ್ರಾಣಿಗಳದೆಂಬುದನ್ನು ನಮ್ಮ ರಾಜ್ಯ ಬಹಳ ಹಿಂದೆಯೇ ಒಪ್ಪಿಕೊಂಡಿದೆ. ಬಂಡೀಪುರದ ಮೂಲಕ ಹಾಯುವ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರವನ್ನು 2009ರಲ್ಲಿ ನಿಷೇಧಿಸಲಾಯಿತು. ಹೈಕೋರ್ಟ್ 2010ರಲ್ಲಿ ಅದನ್ನು ಎತ್ತಿಹಿಡಿಯಿತು. ಚಲಿಸುವ ದೀಪಗಳನ್ನು ಇಷ್ಟು ದಿಟ್ಟತನದಿಂದ ತಡೆದ ನಾವು, ಕಾಡಿನಂಚಿನಲ್ಲಿ ನಾವೇ ಕಟ್ಟಿ ನಿಲ್ಲಿಸಿದ ದೀಪಗಳ ಬಗ್ಗೆ ಚಿಂತಿಸಿಲ್ಲ. ಹುಲಿ ಪ್ರವಾಸೋದ್ಯಮದ ಬಗ್ಗೆ 2012ರಲ್ಲಿ ಹೊರಬಂದ ಮಾರ್ಗಸೂಚಿಗಳು ಹುಲಿ ಮೀಸಲುಗಳ ಗರ್ಭಪ್ರದೇಶದಲ್ಲಿ ಹೊಸ ಪ್ರವಾಸಿ ಕಟ್ಟಡಗಳಿಗೆ ತಡೆಹಾಕಿದವು. ಇದು ಸರಿಯಾದ ನಿರ್ಧಾರ. ಆದರೆ ಇದರಿಂದ ಹೊಸ ಕಟ್ಟಡಗಳೆಲ್ಲ ಅಂಚಿಗೆ ಸರಿದು, ಆನೆಗಳು ರಾತ್ರಿ ದಾಟುವ ಜಾಗಗಳ ಆಸುಪಾಸಿನಲ್ಲೇ ತಲೆಯೆತ್ತುತ್ತವೆ.

ಎಲ್‌ಇಡಿ ಬಲ್ಬುಗಳು ವಿದ್ಯುತ್ ಉಳಿಸುತ್ತವೆ, ಆದ್ದರಿಂದ ಅವು ಪರಿಸರಸ್ನೇಹಿ ಎಂಬ ವಾದವೊಂದಿದೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಇಲ್ಲಿ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ನೆನಪಾಗುತ್ತಾರೆ. ಉಗಿಯಂತ್ರಗಳು ಕಲ್ಲಿದ್ದಲನ್ನು ಮಿತವಾಗಿ ಬಳಸತೊಡಗಿದಂತೆ ಬ್ರಿಟನ್ನಿನ ಒಟ್ಟು ಕಲ್ಲಿದ್ದಲ ಬಳಕೆ ಇಳಿಯುವ ಬದಲು ಏರಿತೆಂದು ಅವರು 1865ರಲ್ಲೇ ವಿವರಿಸಿದ್ದರು. ದೀಪಗಳಿಗೂ ಈ ಮಾತು ಅನ್ವಯಿಸುತ್ತದೆ. ಬೆಳಕು ಅಗ್ಗವಾದಂತೆ ನಾವು ಮರಗಳ ಕಾಂಡಕ್ಕೂ ದೀಪ ಕಟ್ಟಿದೆವು. ಮೇಲಾಗಿ ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವ 6,500 ಕೆಲ್ವಿನ್‌ನ ಬಿಳಿ ದೀಪದಲ್ಲಿ ನೀಲಿಯ ಅಂಶ ಹೆಚ್ಚು. ಕೀಟಗಳನ್ನು ಅತಿಯಾಗಿ ಕಾಡುವುದು ಅದೇ. ವಿದ್ಯುತ್ ಬಿಲ್ಲಿನಲ್ಲಿ ಉಳಿತಾಯ ಕಂಡರೂ ಕಾಡಿನ ಖಾತೆಯಲ್ಲಿ ನಷ್ಟ ಬೆಳೆಯುತ್ತಲೇ ಇರುತ್ತದೆ.

ಇನ್ನು ಕಟ್ಟಡದ ಮಾತು. ಹಗಲಲ್ಲಿ ಮಾತ್ರ ತೆರೆದಿರುವ ಕೇಂದ್ರಕ್ಕೆ ಬೇಕಾದುದು ಮಳೆಗಾಲದ ಮಬ್ಬಿನಲ್ಲೂ ಒಳಗೆ ಬೆಳಕು ಬರುವ ವ್ಯವಸ್ಥೆ. ಮಲೆನಾಡಿನ ಮನೆಗಳು ಇದನ್ನು ಹಂಚಿನ ನಡುವೆ ಒಂದೆರಡು ಗಾಜಿನ ಹಂಚು ಕೂರಿಸಿ ಸಾಧಿಸಿದವು. ಬಾಲ್ಯದಲ್ಲಿ ನಮ್ಮಜ್ಜಿಯ ಅಡುಗೆಮನೆಗೆ ಇಳಿಯುತ್ತಿದ್ದ ಬೆಳಕಿನ ಕೋಲು ಗೋಡೆಯ ಯಾವ ಗೆರೆಗೆ ಬಂತೆಂಬುದೇ ಅವಳ ಗಡಿಯಾರವಾಗಿತ್ತು. ಮುಂಚಾಚಿದ ಸೂರು ಗೋಡೆಯನ್ನು ಮಳೆಯಿಂದಲೂ ಒಳಾಂಗಣವನ್ನು ಬಿಸಿಲಿನಿಂದಲೂ ಕಾಯುತ್ತಿತ್ತು. ನಾನು ‘ಅನಗತ್ಯ’ವೆಂದು ಹೊಡೆದುಹಾಕಿದ್ದು ಇದನ್ನೇ. ಬಿಸಿಲನ್ನು ಗಾಜಿನ ಮೂಲಕ ಒಳಗೆ ಕರೆದು, ಆನಂತರ ಅದನ್ನು ಹೊರಗಟ್ಟಲು ಹವಾನಿಯಂತ್ರಣ ಯಂತ್ರಕ್ಕೆ ವಿದ್ಯುತ್ ಸುರಿಯುವುದು ಯಾವ ಮಿತವ್ಯಯ?

ಗೋಡೆಗೆ ಬೇಕಾದ ಜ್ಞಾನವೂ ನಮ್ಮಲ್ಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ, ಸ್ಥಳೀಯ ಮಣ್ಣಿಗೆ ಅಲ್ಪ ಪ್ರಮಾಣದ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿ ತೆಗೆಯುವ ಇಟ್ಟಿಗೆಗಳನ್ನು ಬೆಳಕಿಗೆ ತಂದಿತು. ಇವುಗಳನ್ನು ಸುಡಬೇಕಿಲ್ಲ, ಆದ್ದರಿಂದ ಗೂಡಿಗೆ ಸೌದೆಯೂ ಬೇಡ. ಕಾಡಿನ ಪಕ್ಕದ ಕಟ್ಟಡಕ್ಕೆ ಇದಕ್ಕಿಂತ ಬೇರೆ ಶಿಫಾರಸು ಬೇಕೆ? ನೆರೆಯ ಕೇರಳದಲ್ಲಿ ಲಾರಿ ಬೇಕರ್ ಅವರು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ನಡುವೆ ಟೊಳ್ಳು ಬಿಡುವ ವಿಧಾನದಿಂದ ಸುಮಾರು ಕಾಲುಭಾಗ ಇಟ್ಟಿಗೆ ಉಳಿಸಿ ತೋರಿಸಿದರು. ಆ ಟೊಳ್ಳು ಶಾಖವನ್ನೂ ತಡೆಯುತ್ತದೆ. ಒಳಗಿನ ಕುರ್ಚಿ ಮೇಜುಗಳಿಗೆ ತೇಗವೇ ಆಗಬೇಕೆಂದಿಲ್ಲ. ನಮ್ಮ ಕಾಡುಗಳನ್ನು ನುಂಗುತ್ತಿರುವ ಲಂಟಾನ ಗಿಡದಿಂದ ಮಲೆಮಹದೇಶ್ವರ ಬೆಟ್ಟದ ಸೋಲಿಗರು ಗಟ್ಟಿಮುಟ್ಟಾದ ಪೀಠೋಪಕರಣ ತಯಾರಿಸುತ್ತಾರೆ. ಅವನ್ನು ಕೊಂಡರೆ ಕಾಡಿಗೆ ಕಳೆ ಕಡಿಮೆಯಾಗುತ್ತದೆ, ಕಾಡಿನ ಮಕ್ಕಳಿಗೆ ಕೂಲಿ ಸಿಗುತ್ತದೆ.

ಇಷ್ಟೆಲ್ಲ ತಿಳಿದಿದ್ದೂ ನಾವು ಗಾಜು ಮತ್ತು ಕಾಂಕ್ರೀಟನ್ನೇ ಏಕೆ ಆರಿಸುತ್ತೇವೆ? ಒಳಗಿದ್ದು ನೋಡಿದವನಾಗಿ ಹೇಳುವುದಾದರೆ, ಅಭಿರುಚಿಗಿಂತ ಪದ್ಧತಿಯ ದೋಷ ದೊಡ್ಡದು. ವಿನ್ಯಾಸಕಾರರ ಶುಲ್ಕ ಸಾಮಾನ್ಯವಾಗಿ ಕಾಮಗಾರಿ ವೆಚ್ಚದ ಶೇಕಡಾವಾರು ಲೆಕ್ಕದಲ್ಲಿರುತ್ತದೆ. ಮಿತವ್ಯಯಿಯಾದವನು ತನ್ನ ಆದಾಯಕ್ಕೆ ತಾನೇ ಕತ್ತರಿ ಹಾಕಿಕೊಳ್ಳಬೇಕು. ದರಪಟ್ಟಿಯಲ್ಲಿಲ್ಲದ ಸಾಮಗ್ರಿಯನ್ನು ಬಳಸಿದ ಎಂಜಿನಿಯರ್ ಲೆಕ್ಕಪರಿಶೋಧನೆಯ ಆಕ್ಷೇಪಣೆಗೆ ಉತ್ತರ ಬರೆಯುತ್ತ ನಿವೃತ್ತನಾಗಬೇಕು. ಮಾರ್ಚ್ 31ರೊಳಗೆ ಹಣ ಖರ್ಚಾಗಬೇಕಾದಲ್ಲಿ ಮಣ್ಣಿನ ಇಟ್ಟಿಗೆ ಒಣಗಲು ಯಾರೂ ಕಾಯುವುದಿಲ್ಲ. ಬಂಡವಾಳ ವೆಚ್ಚಕ್ಕೆ ಅನುದಾನವುಂಟು, ಉದ್ಘಾಟನೆಯೂ ಉಂಟು. ನಿರ್ವಹಣೆಗೆ ಎರಡೂ ಇಲ್ಲ. ಸೌರಫಲಕ 25 ವರ್ಷ ಬಾಳಿದರೂ ಅದಕ್ಕೆ ಜೋಡಿಸಿದ ಸೀಸ-ಆಮ್ಲ ಬ್ಯಾಟರಿಯನ್ನು ನಾಲ್ಕೈದು ವರ್ಷಕ್ಕೊಮ್ಮೆ ಬದಲಿಸಬೇಕು. ಆ ಹಣ ಯಾವ ಶೀರ್ಷಿಕೆಯಲ್ಲೂ ಇಲ್ಲದ ಕಾರಣ ಫಲಕಗಳು ಸೂರಿನ ಮೇಲೆ ಸ್ಮಾರಕಗಳಾಗಿ ಉಳಿಯುತ್ತವೆ.

ಕಾಡಿನಂಚಿನ ಸಿಬ್ಬಂದಿ ಹಾವಿಗೂ ಆನೆಗೂ ಅಂಜಿ ಬಾಳುವವರು, ಅವರಿಗೆ ಬೆಳಕು ಬೇಡವೇ ಎಂದು ಕೇಳುವವರಿದ್ದಾರೆ. ಖಂಡಿತ ಬೇಕು. ಆದರೆ ಬೇಕಾದ ಜಾಗದಲ್ಲಿ, ಬೇಕಾದ ಹೊತ್ತಿನಲ್ಲಿ ಬೇಕು. ಮೊಣಕಾಲೆತ್ತರದ, ನೆಲಕ್ಕಷ್ಟೇ ಬೆಳಕು ಬೀಳುವ, 2,700 ಕೆಲ್ವಿನ್‌ಗಿಂತ ಹೆಚ್ಚಿಲ್ಲದ ಹಳದಿ ದೀಪಗಳು ಕಾಲುದಾರಿಗೆ ಸಾಕು. ಯಾರಾದರೂ ನಡೆದಾಗ ಹೊತ್ತಿ ಮತ್ತೆ ಆರುವ ಸಂವೇದಕ ಈಗ ದುಬಾರಿಯಲ್ಲ. ಎತ್ತರದ ಕಂಬದ ದೀಪ ಕಣ್ಣು ಕುಕ್ಕುವುದರಿಂದ ಅದರಾಚೆಯ ನೆರಳಿನಲ್ಲಿ ನಿಂತ ಆನೆ ಕಾಣುವುದೇ ಇಲ್ಲವೆಂಬುದನ್ನು ಕಾವಲು ಸಿಬ್ಬಂದಿ ಬಲ್ಲರು. ಇದು ಅಸಾಧ್ಯವೇನಲ್ಲ. ಮಹಾರಾಷ್ಟ್ರದ ಪೆಂಚ್ ಹುಲಿ ಮೀಸಲು ತನ್ನ ವ್ಯಾಪ್ತಿಯ ಹಳ್ಳಿಗಳ ಬೀದಿದೀಪಗಳನ್ನೂ ನೆಲಮುಖವಾಗಿಸಿ, 2024ರ ಜನವರಿಯಲ್ಲಿ ದೇಶದ ಮೊದಲ ‘ಡಾರ್ಕ್ ಸ್ಕೈ ಪಾರ್ಕ್’ ಎಂಬ ಅಂತರರಾಷ್ಟ್ರೀಯ ಮನ್ನಣೆ ಪಡೆಯಿತು. ಅಲ್ಲಿ ನಕ್ಷತ್ರ ನೋಡುವುದೂ ಪ್ರವಾಸಿಗರಿಗೆ ಒಂದು ಆಕರ್ಷಣೆ.

ಸರ್ಕಾರ ಮಾಡಬೇಕಾದುದು ಹೆಚ್ಚೇನಿಲ್ಲ. ಕಾಡಿನಂಚಿನ ಕಟ್ಟಡಗಳಿಗೆ ಪ್ರತ್ಯೇಕ ದರಪಟ್ಟಿ ಬೇಕು. ಶುಲ್ಕ ವೆಚ್ಚಕ್ಕಲ್ಲದೆ ಕೆಲಸಕ್ಕೆ ನಿಗದಿಯಾಗಬೇಕು. ಮಂಜೂರಾತಿಯ ಜೊತೆಗೇ ಹತ್ತು ವರ್ಷಗಳ ನಿರ್ವಹಣಾ ಹಣವನ್ನು ಠೇವಣಿಯಿಡಬೇಕು. ಪ್ರತಿ ದೀಪದ ಮುಂದೆ ಅದು ಯಾರಿಗಾಗಿ, ಎಷ್ಟು ಹೊತ್ತಿನ ತನಕ ಎಂಬ ವಿವರವನ್ನು ಅಂದಾಜು ಪಟ್ಟಿಯಲ್ಲೇ ಬರೆಯುವುದು ಕಡ್ಡಾಯವಾಗಬೇಕು. ಉತ್ತರವಿಲ್ಲದ ದೀಪವನ್ನು ಹೊಡೆದುಹಾಕಬೇಕು.

ಕಳೆದ ವರ್ಷ ಅದೇ ಕೇಂದ್ರಕ್ಕೆ ಮತ್ತೊಮ್ಮೆ ಹೋಗಿದ್ದೆ. ಹಿಂದಿನ ಮಳೆಗಾಲದಲ್ಲಿ ಕಂಬದ ದೀಪ ಕೆಟ್ಟು, ದುರಸ್ತಿಗೆ ಹಣವಿಲ್ಲದೆ ಹಾಗೆಯೇ ಉಳಿದಿತ್ತು. ನಾನು ನಿರಾಕರಿಸಿದ ನಿರ್ವಹಣಾ ನಿಧಿಯಿಂದ ಆದ ಏಕೈಕ ಉಪಕಾರವಿದು. ಕತ್ತಲಾದ ಮೇಲೆ ಕಾವಲುಗಾರ ನನ್ನನ್ನು ಕಟ್ಟಡದ ಹಿಂಭಾಗಕ್ಕೆ ಕರೆದೊಯ್ದ. ಹಳ್ಳದ ಬದಿಯ ಪೊದೆಗಳಲ್ಲಿ ಮಿಂಚುಹುಳುಗಳು ಮಿನುಗುತ್ತಿದ್ದವು. ಬಹಳವೇನಿರಲಿಲ್ಲ, ಎಣಿಸಬಹುದಾದಷ್ಟು. ‘ಹೊಸ ದೀಪಕ್ಕೆ ಬರೆದಿದಾರೆ ಸಾರ್, ಮಂಜೂರಾಗುತ್ತಂತೆ’ ಎಂದ. ಆ ಕಡತ ಈಗ ಯಾರ ಮೇಜಿನ ಮೇಲಿದೆಯೋ ನಾನರಿಯೆ. ಯಾರದೇ ಇರಲಿ, ಸಹಿ ಮಾಡುವ ಮುನ್ನ ಒಂದು ರಾತ್ರಿ ಅಲ್ಲಿಗೆ ಹೋಗಿ ನಿಂತು ಬರಲಿ. ನಾನು ಹೋಗಲಿಲ್ಲ.