ಅರಿಶಿನದ ಬಣ್ಣಕ್ಕೆ ಮರುಳಾಗದಿರಿ

ಅಂಗಡಿಯಲ್ಲಿ ಅರಿಶಿನದ ಕೊಂಬು ಕೊಳ್ಳುವಾಗ ನೀವು ಯಾವುದನ್ನು ಆರಿಸುತ್ತೀರಿ? ಮಂಕಾಗಿ, ಒರಟೊರಟಾಗಿ ಇರುವುದನ್ನೋ, ಥಳಥಳ ಹೊಳೆಯುವ ಹಳದಿಯದನ್ನೋ? 'ಇದರ ಬಣ್ಣ ಚೆನ್ನಾಗಿದೆ, ಇದನ್ನೇ ಕೊಡಿ' ಅನ್ನುವವರೇ ನಮ್ಮಲ್ಲಿ ಹೆಚ್ಚು. ನಾನೂ ವರ್ಷಗಟ್ಟಲೆ ಹಾಗೇ ಕೊಂಡಿದ್ದೇನೆ ಬಿಡಿ. ಆದರೆ ನೆರೆಯ ಬಾಂಗ್ಲಾದೇಶದಲ್ಲಿ ಈ ಹೊಳಪಿನ ಹಿಂದೆ ಏನಿತ್ತು ಅಂತ ಗೊತ್ತಾದ ಮೇಲೆ ಕೈ ತಾನಾಗಿ ಹಿಂದೆ ಸರಿಯುತ್ತದೆ.

ಅಲ್ಲಿನ ಹಳ್ಳಿಗಳ ಗರ್ಭಿಣಿಯರ ರಕ್ತದಲ್ಲಿ ಸೀಸದ ಅಂಶ ಹೆಚ್ಚಿರುವುದು ಸಂಶೋಧಕರ ಕಣ್ಣಿಗೆ ಬಿತ್ತು. ಹತ್ತಿರದಲ್ಲಿ ಕಾರ್ಖಾನೆಗಳಿಲ್ಲ, ವಾಹನಗಳ ಹೊಗೆಯೂ ಅಷ್ಟಿಲ್ಲ. ಹಾಗಾದರೆ ಸೀಸ ಬಂದದ್ದೆಲ್ಲಿಂದ? ಢಾಕಾದ ಸಂಶೋಧನಾ ಕೇಂದ್ರದವರೂ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರೂ ಒಟ್ಟಾಗಿ ಹುಡುಕುತ್ತಾ ಹೋದಾಗ ಜಾಡು ಅಡುಗೆಮನೆಗೇ ಬಂದು ನಿಂತಿತು. ಅಪರಾಧಿ ಅರಿಶಿನ! ಸರಿಯಾಗಿ ಹೇಳಬೇಕೆಂದರೆ ಅರಿಶಿನವಲ್ಲ, ಅದಕ್ಕೆ ಬಳಿದಿದ್ದ ಲೆಡ್ ಕ್ರೋಮೇಟ್ ಎಂಬ ಹಳದಿ ಬಣ್ಣ. 1980ರ ದಶಕದ ನೆರೆಯಲ್ಲಿ ನೆನೆದು ಕಪ್ಪಿಟ್ಟ ಕೊಂಬುಗಳನ್ನು ಮಾರಲು ಶುರುವಾದ ಉಪಾಯ ಕ್ರಮೇಣ ರೂಢಿಯೇ ಆಗಿಬಿಟ್ಟಿತ್ತು.

2019ರಲ್ಲಿ ಈ ವಿಷಯ ಬಯಲಾದಾಗ ಅಲ್ಲಿನ ಸರ್ಕಾರ ಕೈಕಟ್ಟಿ ಕೂರಲಿಲ್ಲ. ಮಾರುಕಟ್ಟೆಗಳಲ್ಲೆಲ್ಲ ಎಚ್ಚರಿಕೆಯ ನೋಟಿಸ್ ಅಂಟಿಸಿದರು. ಢಾಕಾದ ಸಗಟು ಮಾರುಕಟ್ಟೆ ಶ್ಯಾಮ್‌ಬಜಾರಿನಲ್ಲಿ ದಾಳಿ ಮಾಡಿ, ಬಣ್ಣದ ಅರಿಶಿನ ಜಪ್ತಿ ಮಾಡಿ, ವ್ಯಾಪಾರಿಗಳಿಗೆ ದಂಡ ಹಾಕಿದರು. 2019ರಲ್ಲಿ ಪರೀಕ್ಷಿಸಿದ ಮಾರುಕಟ್ಟೆಯ ಮಾದರಿಗಳಲ್ಲಿ ಶೇ. 47ರಲ್ಲಿ ಸೀಸವಿತ್ತು. 2021ರ ಹೊತ್ತಿಗೆ ಆ ಸಂಖ್ಯೆ ಸೊನ್ನೆ! ಮನಸ್ಸು ಮಾಡಿದರೆ ಎರಡೇ ವರ್ಷ ಸಾಕು ಅನ್ನುವುದಕ್ಕೆ ಬೇರೆ ಉದಾಹರಣೆ ಬೇಕೇ?

ಸೀಸ ಅಷ್ಟೊಂದು ಕೆಟ್ಟದ್ದಾ?

ಹೌದು. ಕಬ್ಬಿಣದ ಅಂಶ, ಸುಣ್ಣದ ಅಂಶ ನಮ್ಮ ಮೈಗೆ ಬೇಕು. ಸೀಸದಿಂದ ದೇಹಕ್ಕೆ ಕಿಂಚಿತ್ತೂ ಉಪಯೋಗವಿಲ್ಲ. ಇಷ್ಟಿದ್ದರೆ ಪರವಾಗಿಲ್ಲ ಎನ್ನುವ ಸುರಕ್ಷಿತ ಮಟ್ಟವೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದೇ ಪ್ರಮಾಣದ ಸೀಸ ಹೊಟ್ಟೆ ಸೇರಿದರೂ ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳಬಲ್ಲದು. ಅದು ಬೆಳೆಯುವ ಮಿದುಳಿಗೇ ಪೆಟ್ಟು ಕೊಡುತ್ತದೆ. ಓದಿನಲ್ಲಿ ಹಿಂದೆ ಬೀಳುವುದು, ಒಂದು ಕಡೆ ಗಮನ ನಿಲ್ಲದಿರುವುದು, ರಕ್ತಹೀನತೆ... ಇಂಥವಕ್ಕೆಲ್ಲ ಅದೂ ಒಂದು ಕಾರಣವಾಗಬಹುದು. ಹೊರಗೆ ಯಾವ ಲಕ್ಷಣವೂ ಕಾಣದೆ ಇರುವುದೇ ದೊಡ್ಡ ತೊಂದರೆ. 'ಎಷ್ಟು ಹೇಳಿಕೊಟ್ಟರೂ ತಲೆಗೆ ಹತ್ತಲ್ಲ' ಅಂತ ನಾವು ಬೈಯುವ ಮಗುವಿನ ತಪ್ಪು ಅದರಲ್ಲಿ ಏನೂ ಇಲ್ಲದಿರಬಹುದು.

ತಾಯಂದಿರಿಗೆ ಇನ್ನೊಂದು ಮಾತು. ಸೀಸ ಮೂಳೆಯಲ್ಲಿ ವರ್ಷಾನುಗಟ್ಟಲೆ ಅಡಗಿ ಕೂರುತ್ತದೆ. ಗರ್ಭಿಣಿಯಾದಾಗ ಅಲ್ಲಿಂದ ರಕ್ತಕ್ಕೆ ಇಳಿದು ಹೊಟ್ಟೆಯಲ್ಲಿರುವ ಕೂಸನ್ನೂ ಮುಟ್ಟುತ್ತದೆ.

ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆಗಳು 2020ರಲ್ಲಿ ಹೊರತಂದ ವರದಿಯ ಅಂದಾಜಿನ ಪ್ರಕಾರ ಜಗತ್ತಿನ ಪ್ರತಿ ಮೂರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ, ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸವಿದೆ. ಅವರಲ್ಲಿ ಸುಮಾರು 27.5 ಕೋಟಿ ಮಕ್ಕಳು ನಮ್ಮ ದೇಶದವರೇ.

ಬೆಂಗಳೂರಿನಿಂದ ಜಗತ್ತಿಗೆ

ಈ ಹೋರಾಟದಲ್ಲಿ ನಮ್ಮ ಬೆಂಗಳೂರಿಗೂ ಪಾಲಿದೆ. 1999ರಲ್ಲಿ ಸೀಸದ ವಿಷ ತಡೆಯುವ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನ ನಡೆದದ್ದು ಇಲ್ಲೇ. ಅದನ್ನು ನಡೆಸಿದ ಜಾರ್ಜ್ ಫೌಂಡೇಶನ್ ದೇಶದ ದೊಡ್ಡ ನಗರಗಳಲ್ಲಿ ಮಕ್ಕಳ ರಕ್ತ ಪರೀಕ್ಷೆ ಮಾಡಿಸಿತ್ತು. ಪರೀಕ್ಷಿಸಿದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಲ್ಲಿ ಸೀಸ ಮಿತಿಮೀರಿತ್ತು. ಆಗಿನ ದೊಡ್ಡ ಖಳನಾಯಕ ಸೀಸ ಬೆರೆತ ಪೆಟ್ರೋಲ್. 2000ದಲ್ಲಿ ಭಾರತ ಅದಕ್ಕೆ ವಿದಾಯ ಹೇಳಿತು. 2021ರಲ್ಲಿ ಅಲ್ಜೀರಿಯಾ ಕೊನೆಯದಾಗಿ ನಿಲ್ಲಿಸುವುದರೊಂದಿಗೆ, ವಾಹನಗಳಿಗೆ ಹಾಕುವ ಸೀಸದ ಪೆಟ್ರೋಲ್ ಇಡೀ ಜಗತ್ತಿನಿಂದಲೇ ಹೋಯಿತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರನ್ನು ಜನ 'ಲೆಡ್ ಮ್ಯಾನ್' ಅಂತಲೇ ಕರೆದರು. ಅಷ್ಟರಮಟ್ಟಿಗೆ ಅವರು ಇದರ ಬೆನ್ನು ಹತ್ತಿದ್ದರು.

ಪೆಟ್ರೋಲ್ ಆದ ಮೇಲೆ ಪೇಂಟ್‌ನ ಸರದಿ. ರಾಸಾಯನಿಕಗಳ ಬಗ್ಗೆ 2009ರಲ್ಲಿ ಜಿನೀವಾದಲ್ಲಿ ಸೇರಿದ ದೇಶಗಳು ಪೇಂಟ್‌ನಲ್ಲಿರುವ ಸೀಸವನ್ನು ತೊಲಗಿಸಬೇಕೆಂದು ಒಮ್ಮತಕ್ಕೆ ಬಂದವು. ನಮ್ಮ ದೇಶವೂ 2016ರಲ್ಲಿ ನಿಯಮ ಮಾಡಿತು. 2017ರ ನವೆಂಬರ್‌ನಿಂದ ಮನೆಗೆ ಬಳಿಯುವ ಪೇಂಟ್‌ನಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 90 ಭಾಗ ಮೀರುವಂತಿಲ್ಲ. 2023ರಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಎಲ್ಲ ರಾಸಾಯನಿಕಗಳಿಗೂ ಅನ್ವಯಿಸುವ ಹೊಸ ಜಾಗತಿಕ ಒಪ್ಪಂದವೇ ಆಯಿತು. ಒಪ್ಪಂದ ದೂರದಲ್ಲೇ ಆಗಲಿ, ಅದರ ಫಲ ಕಾಣಬೇಕಾದದ್ದು ನಮ್ಮ ಕಿಟಕಿಯ ಬಣ್ಣದಲ್ಲಿ, ಸಾಂಬಾರ ಡಬ್ಬಿಯಲ್ಲಿ ಅಲ್ಲವೇ?

ಮನೆಯಲ್ಲಿ ನೀವೇನು ಮಾಡಬಹುದು?

* ಅರಿಶಿನದ ಕೊಂಬನ್ನು ಗಾಜಿನ ಲೋಟದ ನೀರಿಗೆ ಹಾಕಿ. ತಕ್ಷಣ ಗಾಢ ಹಳದಿ ಬಿಟ್ಟರೆ ಅನುಮಾನಪಡಿ. ಶುದ್ಧ ಕೊಂಬು ಹಾಗೆ ಬಣ್ಣ ಬಿಡುವುದಿಲ್ಲ. ಇದು ಆಹಾರ ಸುರಕ್ಷತಾ ಪ್ರಾಧಿಕಾರ ಹೇಳಿಕೊಡುವ ಪರೀಕ್ಷೆ. ಆದರೆ ಇದು ಬರೀ ಸುಳಿವು, ಖಚಿತ ಉತ್ತರ ಸಿಗುವುದು ಲ್ಯಾಬಿನಲ್ಲೇ.

* ಹಬ್ಬಕ್ಕೆ ಮನೆಗೆ ಬಣ್ಣ ಹೊಡೆಸುತ್ತೀರಾ? ಡಬ್ಬಿಯ ಮೇಲೆ ಸೀಸದ ಪ್ರಮಾಣ ಓದಿ. ಹಳೇ ಮನೆಯ ಕಿಟಕಿ, ಬಾಗಿಲು, ಗ್ರಿಲ್‌ಗಳ ಹಳೇ ಪೇಂಟನ್ನು ಒಣಗಿದ್ದಾಗ ಉಜ್ಜಿಸಬೇಡಿ, ಒದ್ದೆ ಮಾಡಿ ಕೆರೆಸಿ. ಆ ದಿನಗಳಲ್ಲಿ ಮಕ್ಕಳು, ಬಸುರಿಯರು ಅಲ್ಲಿ ಸುಳಿಯದಿರಲಿ.

* ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುವಾಗ ಶುದ್ಧ ತವರವೇ ಎಂದು ಕೇಳಿ. ಸಾರಿನ ಘಮಕ್ಕೆಂದು ಈಯದ ಪಾತ್ರೆ ಇಟ್ಟುಕೊಂಡಿದ್ದರೆ ಅದಕ್ಕೂ ಇದೇ ಮಾತು. ಸೀಸ ಬೆರೆತಿದ್ದರೆ ಹುಳಿ ಅದನ್ನು ಕರಗಿಸಿ ಊಟಕ್ಕೆ ಇಳಿಸುತ್ತದೆ. ಗುಜರಿ ಲೋಹ ಕರಗಿಸಿ ಮಾಡಿದ ಅಗ್ಗದ ಅಲ್ಯೂಮಿನಿಯಂ ಪಾತ್ರೆಯೂ ಬೇಡ.

* ಎಳೆ ಮಕ್ಕಳ ಕಣ್ಣಿಗೆ ಸುರ್ಮಾ ಹಚ್ಚಬೇಡಿ. ಅದರಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಹೆಸರು, ವಿಳಾಸ ಇಲ್ಲದ ಕುಂಕುಮ, ಬಣ್ಣ ಬಳಿದ ಅಗ್ಗದ ಆಟಿಕೆಯ ಬಗ್ಗೆಯೂ ಹುಷಾರು. ಗಣಪನೂ ಬಣ್ಣವಿಲ್ಲದ ಮಣ್ಣಿನವನೇ ಇರಲಿ.

* ಹಳೇ ಯುಪಿಎಸ್ ಬ್ಯಾಟರಿಯನ್ನು ಬೀದಿಯ ಗುಜರಿಯವರಿಗೆ ಕೊಡಬೇಡಿ. ಹೊಸದು ಕೊಳ್ಳುವ ಅಂಗಡಿಗೇ ವಾಪಸ್ ಕೊಡಿ. ಕಂಡಲ್ಲಿ ಒಡೆದು ಕರಗಿಸಿದರೆ ಆ ಓಣಿಯ ಮಕ್ಕಳಿಗೆ ವಿಷ.

* ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಊಟಕ್ಕೆ ಮುಂಚೆ ಮಕ್ಕಳ ಕೈ ತೊಳೆಸಿ. ಕಬ್ಬಿಣ, ಸುಣ್ಣದ ಅಂಶ ಕಡಿಮೆಯಿರುವ ದೇಹ ಸೀಸವನ್ನು ಹೆಚ್ಚು ಹೀರುತ್ತದೆ. ಅದಕ್ಕೇ ರಾಗಿ, ಸೊಪ್ಪು, ಹಾಲು ತಪ್ಪಿಸಬೇಡಿ.

ಇಷ್ಟೆಲ್ಲ ಓದಿ ಗಾಬರಿಯಾಗಬೇಕಿಲ್ಲ. ಅನುಮಾನವಿದ್ದರೆ ಮಕ್ಕಳ ವೈದ್ಯರನ್ನು ಕೇಳಿ ರಕ್ತ ಪರೀಕ್ಷೆ ಮಾಡಿಸಿ. ಮಿದುಳಿಗೆ ಒಮ್ಮೆ ಆದ ಹಾನಿಯನ್ನು ಪೂರ್ತಿ ಸರಿಪಡಿಸುವುದು ಕಷ್ಟ, ಆದರೆ ಸೀಸ ಬರುವ ದಾರಿ ಮುಚ್ಚುವುದು ನಮ್ಮ ಕೈಯಲ್ಲೇ ಇದೆ. ಮುಂದಿನ ಸಲ ಅಂಗಡಿಯವನು ಹೊಳೆಯುವ ಕೊಂಬು ಮುಂದೆ ಚಾಚಿದರೆ ಸಂಕೋಚ ಬಿಟ್ಟು ಹೇಳಿ: 'ಬೇಡಪ್ಪಾ, ಆ ಮಂಕಾದದ್ದನ್ನೇ ಕೊಡು.' ಹತ್ತು ಗೃಹಿಣಿಯರು ಹೀಗೆ ಹೇಳಿದರೆ ಹನ್ನೊಂದನೆಯವರು ಕೇಳುವ ಮುಂಚೆಯೇ ಅವನು ಬಣ್ಣದ ಕೊಂಬು ತರಿಸುವುದನ್ನು ಬಿಟ್ಟಾನು!