ಹತ್ತು ಮಂದಿಯ ಸೆಕ್ಷನ್



ಸಿನಿಮಾದಲ್ಲಿ ಹೀರೋ ಒಬ್ಬನೇ ಮೆಷಿನ್ ಗನ್ ಹಿಡಿದು ನೂರು ಮಂದಿಯನ್ನು ಕೆಡವುತ್ತಾನೆ. ನಿಜವಾದ ಸೈನ್ಯದಲ್ಲಿ ಹಾಗಿಲ್ಲ. ಕಾಲ್ದಳದ ಎಲ್ಲಕ್ಕಿಂತ ಸಣ್ಣ ಗುಂಪಿಗೆ 'ಸೆಕ್ಷನ್' ಎನ್ನುತ್ತಾರೆ. ಅದರ ಬಗ್ಗೆ ನಾನು ತಿಳಿದುಕೊಂಡಿದ್ದನ್ನು ಇಲ್ಲಿ ಬರೆದಿದ್ದೇನೆ. ಹೇಳಿಕೊಟ್ಟವರು ನನ್ನ ಸೋದರಮಾವ. ಅವರು ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರದಲ್ಲಿ ತರಬೇತಿ ಪಡೆದು, ಹವಾಲ್ದಾರ್ ಆಗಿ ನಿವೃತ್ತರಾದವರು.

ದೀಪಾವಳಿ ಸೂಟಿಯಲ್ಲಿ ನಾವು ಹತ್ತು ಹುಡುಗರು ಬಡಿಗೆ ಹಿಡಿದು ಯುದ್ಧದ ಆಟ ಆಡುತ್ತಿದ್ದೆವು. ಎದುರಿನವರು ಹನುಮಪ್ಪನ ಗುಡಿ ಕಟ್ಟೆಯ ಹಿಂದೆ ಅಡಗಿದ್ದರು. ನಾವು ಒಮ್ಮೆಲೇ ಕೂಗುತ್ತ ಓಡಿದೆವು. ನಮ್ಮವನೊಬ್ಬ ಮಾತ್ರ ಹೊಲದ ಒಡ್ಡಿನ ಹಿಂದೆ ಮಲಗಿಕೊಂಡು ಬಾಯಿಂದ 'ಡಡಡ' ಅನ್ನುತ್ತಿದ್ದ. ಅವನಿಗೆ ದಮ್ಮು ಇರುವುದರಿಂದ ಹೆಚ್ಚು ಓಡಲು ಆಗುವುದಿಲ್ಲ. ನಾವೆಲ್ಲ ಅವನಿಗೆ 'ಅಂಜುಬುರುಕ' ಅಂತ ನಕ್ಕೆವು. ಕಟ್ಟೆಯ ಮೇಲೆ ಕುಳಿತಿದ್ದ ಮಾವ ಅಂದರು: "ಲೇ ಹುಡುಗ್ರಾ, ಓಡಿ ಬಂದ ಒಂಬತ್ತೂ ಮಂದಿ ಸತ್ರಿ. ಖರೇ ಸಿಪಾಯಿ ಕೆಲಸ ಮಾಡಿದಾಂವ ಆ ಒಡ್ಡಿನ ಹಿಂದ ಇದ್ದಾನ ನೋಡ್ರಿ."

ನಮಗೆ ಅರ್ಥ ಆಗಲಿಲ್ಲ. ಆಗ ಮಾವ ಮಣ್ಣಿನಲ್ಲಿ ಹತ್ತು ಕಲ್ಲು ಇಟ್ಟು ತಿಳಿಸಿದರು. ನಮ್ಮ ಭೂಸೇನೆಯ ಸೆಕ್ಷನ್ನಿನಲ್ಲಿ 10 ಮಂದಿ ಇರುತ್ತಾರೆ. ಮಾವ ತಮ್ಮ ಸೆಕ್ಷನ್ನಿನ ಕೆಲಸಗಳನ್ನು ಹೀಗೆ ಹಂಚಿ ತೋರಿಸಿದರು:

1. ಸೆಕ್ಷನ್ ಕಮಾಂಡರ್. ಇವರು ಹವಾಲ್ದಾರ್. ಎಲ್ಲಿಂದ ಹೋಗಬೇಕು, ಯಾರು ಯಾವಾಗ ಏಳಬೇಕು ಎಂದು ಹೇಳುವವರು.
2. ಎರಡನೆಯ ಕಮಾಂಡರ್. ಇವರು ನಾಯಕ್. ಎಲ್‌ಎಂಜಿ ಗುಂಪನ್ನು ನೋಡಿಕೊಳ್ಳುತ್ತಾರೆ. ಹವಾಲ್ದಾರ್ ಬಿದ್ದರೆ ಸೆಕ್ಷನ್ ಇವರ ಕೈಗೆ.
3. ಎಲ್‌ಎಂಜಿ ನಂಬರ್ 1. ಲೈಟ್ ಮೆಷಿನ್ ಗನ್ ಹೊಡೆಯುವವನು.
4. ಎಲ್‌ಎಂಜಿ ನಂಬರ್ 2. ಮ್ಯಾಗಜಿನ್ ಬದಲಿಸುವವನು, ಗುಂಡು ಎಲ್ಲಿ ಬಿತ್ತು ಎಂದು ನೋಡಿ ಹೇಳುವವನು.
5 ಮತ್ತು 6. ಸ್ಕೌಟ್‌ಗಳು. ಎಲ್ಲರಿಗಿಂತ ಮುಂದೆ ನಡೆದು ದಾರಿ ನೋಡುವವರು.
7ರಿಂದ 10. ರೈಫಲ್‌ಮನ್‌ಗಳು. ರೈಫಲ್ ಮತ್ತು ಗ್ರೆನೇಡ್ ಹಿಡಿದು ಶತ್ರುವಿನ ಮೋರ್ಚಾಕ್ಕೆ ನುಗ್ಗುವವರು.

ಇಂಥ 3 ಸೆಕ್ಷನ್ ಸೇರಿದರೆ ಒಂದು ಪ್ಲಟೂನ್. 3 ಪ್ಲಟೂನ್ ಸೇರಿದರೆ ಒಂದು ರೈಫಲ್ ಕಂಪನಿ. ಒಂದು ಬೆಟಾಲಿಯನ್ನಿನಲ್ಲಿ ಇಂಥ 4 ರೈಫಲ್ ಕಂಪನಿ ಇರುತ್ತವೆ.

ನಾನು ಕೇಳಿದೆ: "ಮಾವಾ, ಕಮಾಂಡರ್ ದೊಡ್ಡಾಂವ ಅಲ್ಲಾ? ಮೆಷಿನ್ ಗನ್ ಅವನ ಕಡೆ ಯಾಕ ಇಲ್ಲ?" ಮಾವ ನಕ್ಕು ಅಂದರು: "ಅಳಿಯಾ, ಕಮಾಂಡರ್ ಗುಂಡು ಹೊಡಕೋತ ಕುಂತ್ರ ಉಳಿದ ಒಂಬತ್ತು ಮಂದೀನ ನೋಡಾವ್ರು ಯಾರು?" ಅದಕ್ಕೇ ಹಿಂದಿನ ಕಾಲದಲ್ಲಿ ಕಮಾಂಡರ್ ಕೈಯಲ್ಲಿ ಸ್ಟೆನ್ ಗನ್ನಿನಂಥ ಚಿಕ್ಕ ಆಯುಧ ಇರುತ್ತಿತ್ತು. ಅವನ ದೊಡ್ಡ ಆಯುಧ ಅವನ ಕಣ್ಣು ಮತ್ತು ಬಾಯಿ.

ಈಗ ಆಟದಲ್ಲಿ ನಾವು ಮಾಡಿದ ತಪ್ಪು ಕೇಳಿರಿ. ಓಡುವವನು ಸರಿಯಾಗಿ ಗುರಿ ಇಡಲಾರ. ಅವನು ಬಯಲಿಗೆ ಬಂದಾಗ ಶತ್ರು ಆರಾಮಾಗಿ ಹೊಡೆಯುತ್ತಾನೆ. ಆದ್ದರಿಂದ ಸೆಕ್ಷನ್ ಎರಡು ಭಾಗ ಆಗುತ್ತದೆ. ಎಲ್‌ಎಂಜಿ ಗುಂಪು ಒಂದು ಕಡೆ ಮಲಗಿ ಗುಂಡು ಹೊಡೆಯುತ್ತದೆ. ಶತ್ರು ತಲೆ ಎತ್ತುವುದಿಲ್ಲ. ಅಷ್ಟರಲ್ಲಿ ರೈಫಲ್ ಗುಂಪು ಓಡಿ ಮುಂದಿನ ಮರೆ ಸೇರುತ್ತದೆ. ಆಮೇಲೆ ರೈಫಲ್ ಗುಂಪು ಮಲಗಿ ಹೊಡೆಯುತ್ತದೆ, ಎಲ್‌ಎಂಜಿ ಗುಂಪು ಮುಂದೆ ಬರುತ್ತದೆ. ಒಬ್ಬರು ಓಡುವಾಗ ಇನ್ನೊಬ್ಬರು ಕಾಯಬೇಕು. ಇದಕ್ಕೆ 'ಫೈರ್ ಅಂಡ್ ಮೂವ್' ಎನ್ನುತ್ತಾರೆ.

ಈ ಪಾಠವನ್ನು ಸೈನ್ಯಗಳು ಸುಮ್ಮನೆ ಕಲಿಯಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ, 1916ರ ಜುಲೈ 1ರಂದು, ಫ್ರಾನ್ಸಿನ ಸೋಮ್ ಎಂಬಲ್ಲಿ ಬ್ರಿಟಿಷ್ ಸೈನಿಕರು ಅನೇಕ ಕಡೆ ಉದ್ದ ಸಾಲಾಗಿ ಜರ್ಮನ್ ಮೆಷಿನ್ ಗನ್ನುಗಳ ಎದುರು ನಡೆದರು. ಆ ಒಂದೇ ದಿನ ಸತ್ತವರು 19,000ಕ್ಕೂ ಹೆಚ್ಚು. ಮುಂದಿನ ವರ್ಷ, 1917ರಲ್ಲಿ, ಬ್ರಿಟಿಷರು ಪ್ಲಟೂನನ್ನು ನಾಲ್ಕು ಸೆಕ್ಷನ್ ಮಾಡಿದರು. ಒಂದಕ್ಕೆ ಲೂಯಿಸ್ ಮೆಷಿನ್ ಗನ್, ಒಂದಕ್ಕೆ ಕೈಬಾಂಬು, ಒಂದಕ್ಕೆ ರೈಫಲ್ ಗ್ರೆನೇಡ್, ಒಂದಕ್ಕೆ ರೈಫಲ್. ಎರಡನೆಯ ಮಹಾಯುದ್ಧದ ಹೊತ್ತಿಗೆ ಪ್ರತಿಯೊಂದು ಸೆಕ್ಷನ್ನಿನೊಳಗೇ ಬ್ರೆನ್ ಎಂಬ ಎಲ್‌ಎಂಜಿ ಬಂತು. ಅದರ ತೂಕ ಸುಮಾರು 10 ಕಿಲೊ. ಮ್ಯಾಗಜಿನ್ನಿನಲ್ಲಿ 30 ಗುಂಡು. ಬೇಗ ಖಾಲಿಯಾಗುವುದರಿಂದ ರೈಫಲ್ ಹಿಡಿದವರೂ ಅದರ ಮ್ಯಾಗಜಿನ್ ಹೊರುತ್ತಿದ್ದರು. ಸ್ವಾತಂತ್ರ್ಯದ ನಂತರ ನಮ್ಮ ಸೈನ್ಯದಲ್ಲೂ ಇದೇ ಪದ್ಧತಿ ಮುಂದುವರಿಯಿತು.

ಒಬ್ಬನ ಕೆಲಸ ಇನ್ನೊಬ್ಬನಿಗೂ ಬರಬೇಕು ಎಂಬುದಕ್ಕೆ ಮಾವ ಒಂದು ಉದಾಹರಣೆ ಕೊಟ್ಟರು. 1948ರ ಫೆಬ್ರವರಿ 6ರಂದು ಕಾಶ್ಮೀರದ ನೌಶೇರಾ ಬಳಿಯ ತೈನ್‌ಧಾರ್‌ನಲ್ಲಿ ರಜಪೂತ್ ರೆಜಿಮೆಂಟಿನ ನಾಯಕ್ ಜದುನಾಥ್ ಸಿಂಗ್ ಒಂಬತ್ತು ಮಂದಿಯ ಒಂದು ಠಾಣೆ ಕಾಯುತ್ತಿದ್ದರು. ಮೊದಲ ದಾಳಿಯಲ್ಲಿ ನಾಲ್ವರಿಗೆ ಗಾಯ. ಅವರು ಉಳಿದವರನ್ನು ಮತ್ತೆ ಸರಿಯಾಗಿ ಕೂರಿಸಿದರು. ಎರಡನೆಯ ದಾಳಿಯಲ್ಲಿ ಬ್ರೆನ್ ಗನ್ನಿನವನು ಗಾಯಗೊಂಡಾಗ ತಾವೇ ಬ್ರೆನ್ ಹಿಡಿದರು. ಮೂರನೆಯ ದಾಳಿಗೆ ಒಬ್ಬರೇ ಸ್ಟೆನ್ ಗನ್ ಹಿಡಿದು ಎದುರು ನುಗ್ಗಿ ವೀರಮರಣ ಹೊಂದಿದರು. ಅವರಿಗೆ ಪರಮವೀರ ಚಕ್ರ ಕೊಡಲಾಯಿತು. ಕಮಾಂಡರ್‌ಗೆ ಎಲ್‌ಎಂಜಿ ಹೊಡೆಯಲು ಬರದಿದ್ದರೆ ಏನಾಗುತ್ತಿತ್ತು, ಯೋಚಿಸಿರಿ.

ಆಯುಧಗಳು ಬದಲಾಗುತ್ತ ಬಂದಿವೆ. 1962ರ ಚೀನಾ ಯುದ್ಧದಲ್ಲಿ ನಮ್ಮವರ ಕೈಯಲ್ಲಿ ಒಂದೊಂದು ಗುಂಡಿಗೂ ಬೋಲ್ಟ್ ಎಳೆಯಬೇಕಾದ .303 ರೈಫಲ್ ಇತ್ತು. ಆಮೇಲೆ 7.62 ಮಿ.ಮೀ.ನ ಎಸ್‌ಎಲ್‌ಆರ್ ಬಂತು. 1990ರ ದಶಕದಲ್ಲಿ 5.56 ಮಿ.ಮೀ.ನ ಇನ್ಸಾಸ್ ಬಂತು, 1999ರ ಕಾರ್ಗಿಲ್ ಯುದ್ಧದಲ್ಲೂ ಅದು ಇತ್ತು. ಈಚೆಗೆ ಉತ್ತರ ಪ್ರದೇಶದ ಕೊರ್ವಾದಲ್ಲಿ ತಯಾರಾಗುವ ಎಕೆ-203 ಬರುತ್ತಿದೆ. ಎಲ್‌ಎಂಜಿಗೂ ಇಸ್ರೇಲಿನ ನೆಗೆವ್ ಬಂದಿದೆ. "ಬಂದೂಕು ಯಾವುದರ ಇರಲಿ, ಒಬ್ಬಾಂವ ಓಡಬೇಕು, ಒಬ್ಬಾಂವ ಕಾಯಬೇಕು. ಅದು ಬದಲಿ ಆಗಂಗಿಲ್ಲ" ಎಂದು ಮಾವ ಅಂದರು.

ಕೊನೆಗೆ ಒಂದು ಮಾತು. ಸೈನ್ಯದಲ್ಲಿ ಎಲ್‌ಎಂಜಿಯವನೂ ಆ ಭಾರ ಹೊತ್ತು ಓಡಲೇಬೇಕು, ಆದ್ದರಿಂದ ಭರ್ತಿಗೆ ಹೋಗುವ ಅಣ್ಣಂದಿರು ಓಟ ಬಿಡಬೇಡಿರಿ. ಆದರೆ ಹಿಂದೆ ನಿಂತವನೆಲ್ಲ ಅಂಜುಬುರುಕ ಅಲ್ಲ. ಮುಂದೆ ಓಡಿದವನು ಬದುಕಿ ಬರುವುದು ಅವನಿಂದಲೇ. ಆ ದಿನ ನಕ್ಕವರಲ್ಲಿ ನಾನೂ ಒಬ್ಬ. ಒಡ್ಡಿನ ಹಿಂದೆ ಇದ್ದ ಗೆಳೆಯಾ, ತಪ್ಪಾಯ್ತಪ್ಪಾ. ಮುಂದಿನ ಸೂಟಿಯಲ್ಲಿ ನಮ್ಮ ಎಲ್‌ಎಂಜಿ ನಂಬರ್ 1 ನೀನೇ. ನಾನು ನಂಬರ್ 2.

ಜೈ ಹಿಂದ್.

9ನೇ ತರಗತಿಯ ವಿದ್ಯಾರ್ಥಿ